ಹೋದ ವರ್ಷ ಓದಿದ್ದು ಸುಳ್ಳಾ ಸರ್?

ಕನ್ನಡ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ ಆಯಿತು. ಮಕ್ಕಳು ಕೇಳಿದ ಒಂದು ಪ್ರಶ್ನೆ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ.

2023ರ ಜೂನ್. ಶಾಲೆ ಆಗಷ್ಟೇ ಶುರುವಾಗಿತ್ತು. ಪುಸ್ತಕ ಮಕ್ಕಳ ಕೈ ಸೇರಿತ್ತು. ಬೈಂಡ್ ಹಾಕಿ, ಹೆಸರು ಬರೆದು, ನವಿಲುಗರಿ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ಇಂತಿಂಥ ಪಾಠ ಮಾಡಬೇಡಿ ಎಂದು ತಿಳಿಸಿದರು. ಆರ್‌ಎಸ್‌ಎಸ್ ಕಟ್ಟಿದ ಹೆಡಗೇವಾರ್ ಅವರ, ಹತ್ತನೇ ತರಗತಿಯ ಪಾಠ ಅದರಲ್ಲಿ ಒಂದು. ಹೊಸದಾಗಿ ಸೇರಿಸಿದ ಪಾಠಗಳು ಆಮೇಲೆ ಬೇರೆಯಾಗಿ ಬಂದವು. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ನಮ್ಮಕ್ಕ ಹೋದ ವರ್ಷ ಇದನ್ನೇ ಬಾಯಿಪಾಠ ಮಾಡಿದ್ದಳು. ಅದು ಸುಳ್ಳಾ?"

"ಪರೀಕ್ಷೆಗೆ ಬರಲ್ಲ, ಬಿಡಮ್ಮ" ಎಂದುಬಿಟ್ಟೆ. ಅವಳು ಕೂತಳು. ನನಗೆ ಆ ದಿನ ಊಟ ಸೇರಲಿಲ್ಲ.

ಅದರ ಹಿಂದಿನ ವರ್ಷ, 2022ರಲ್ಲಿ, ಇದೇ ಪುಸ್ತಕ ಪರಿಷ್ಕರಣೆಯಾಗಿ ರಾಜ್ಯವೆಲ್ಲ ಗಲಾಟೆ ಆಗಿತ್ತು. ಬಸವಣ್ಣನವರ ಪಾಠದ ಬಗ್ಗೆ ಮಠಗಳಿಂದ ಆಕ್ಷೇಪ ಬಂತು. ದೇವನೂರ ಮಹಾದೇವ ಅವರು ತಮ್ಮ ಬರಹ ಬಳಸಲು ಕೊಟ್ಟ ಒಪ್ಪಿಗೆಯನ್ನೇ ವಾಪಸ್ ಪಡೆದರು. ಅದಕ್ಕೂ ಮುಂಚೆ ಬರಗೂರು ರಾಮಚಂದ್ರಪ್ಪ ಅವರ ಸಮಿತಿಯ ಪುಸ್ತಕ ಇತ್ತು. ಆಗಲೂ ತಕರಾರು ಇತ್ತು.

ಯಾವ ಪಕ್ಷ ಸರಿ ಎಂದು ಇಲ್ಲಿ ಕೇಳುತ್ತಿಲ್ಲ. ಅದಕ್ಕೆ ಬೇರೆ ಜಾಗ ಬೇಕಾದಷ್ಟಿದೆ. ನನ್ನ ಪ್ರಶ್ನೆ ಇಷ್ಟೇ. ಬೇರೆಯವರ ಆಳ್ವಿಕೆಯಿಂದ ಬಿಡುಗಡೆಯಾದ ದೇಶಗಳಲ್ಲೆಲ್ಲ ಹೀಗೇ ಆಗುತ್ತಾ? ಪಾಠಪುಸ್ತಕದ ಮೇಲೆ ಸರ್ಕಾರಗಳಿಗೆ ಇಷ್ಟು ಹಠ ಯಾಕೆ? ಆ ಹುಡುಗಿಗೆ ನಾನು ಏನು ಹೇಳಬೇಕಿತ್ತು?

ಹಳೇ ಕಡತ

ಮೇಷ್ಟ್ರೇ, ಬರೆದದ್ದು ಒಳ್ಳೆಯದಾಯಿತು. ಹಠ ಯಾಕೆ ಎಂಬುದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ.

ಇವತ್ತಿನ ಶಾಲೆಯ ಚೌಕಟ್ಟು ನಾವು ಕಟ್ಟಿದ್ದಲ್ಲ. 1835ರಲ್ಲಿ ಬ್ರಿಟಿಷ್ ಅಧಿಕಾರಿ ಮೆಕಾಲೆ ಇಂಗ್ಲಿಷ್ ಓದೇ ಬೇಕು ಎಂದು ತನ್ನ ಟಿಪ್ಪಣಿ ಬರೆದ. 1854ರಲ್ಲಿ ಇಲ್ಲಿನ ಶಿಕ್ಷಣ ಹೇಗಿರಬೇಕು ಎಂದು ಹೇಳುವ ವುಡ್ ಸುತ್ತೋಲೆ ಬಂತು. ಪ್ರಾಂತ್ಯಕ್ಕೊಂದು ಶಿಕ್ಷಣ ಇಲಾಖೆ, ಇನ್‌ಸ್ಪೆಕ್ಟರು, ಅನುದಾನ ಎಲ್ಲ ಅಲ್ಲಿಂದ ಬೆಳೆದದ್ದು. ಆಳುವವರಿಗೆ ಗುಮಾಸ್ತರು ಬೇಕಿತ್ತು. ಜೊತೆಗೆ, ಈ ಆಳ್ವಿಕೆ ಒಳ್ಳೆಯದು ಎಂದು ನಂಬುವ ಜನರೂ ಬೇಕಿತ್ತು.

1947ರಲ್ಲಿ ಬಾವುಟ ಬದಲಾಯಿತು. ಇಲಾಖೆ, ಪರೀಕ್ಷೆ, ತಪಾಸಣೆ ಹಾಗೇ ಉಳಿದವು. ಹೊಸ ಸರ್ಕಾರಕ್ಕೂ ಅದೇ ಕೆಲಸ ಬಿತ್ತು: ನಾನೇ ನಿಮ್ಮವನು, ನನ್ನನ್ನು ನಂಬಿ ಎಂದು ಜನಕ್ಕೆ ಹೇಳಬೇಕು. ಎಲ್ಲಿ ಹೇಳುವುದು? ಒಬ್ಬ ಸಾಮಾನ್ಯ ಮನುಷ್ಯ ಸರ್ಕಾರವನ್ನು ಎಲ್ಲೆಲ್ಲಿ ನೋಡುತ್ತಾನೆ ಯೋಚಿಸಿ. ರೇಷನ್ ಅಂಗಡಿ, ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಐದು ವರ್ಷಕ್ಕೊಮ್ಮೆ ಮತಗಟ್ಟೆ. ಇವೆಲ್ಲ ಬಂದು ಹೋಗುವ ಜಾಗಗಳು. ದಿನಾ ಐದಾರು ಗಂಟೆ, ಹತ್ತು ವರ್ಷ, ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವ ಜಾಗ ಶಾಲೆ ಒಂದೇ. ಅದನ್ನು ಯಾವ ಸರ್ಕಾರವೂ ಬಿಟ್ಟುಕೊಡಲ್ಲ.

ನಮ್ಮ ಕಡೆಯದೇ ಒಂದು ಉದಾಹರಣೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆ ಹತ್ತೊಂಬತ್ತನೇ ಶತಮಾನದಲ್ಲಿ ಮನೆಮಾತು ಕನ್ನಡ, ಶಾಲೆಮಾತು ಮರಾಠಿ. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಅವರೂ ಇಲಾಖೆಯ ಅಧಿಕಾರಿಯೇ. ಬ್ರಿಟಿಷರ ಸಂಬಳ ತಿಂದೇ ಆ ಕೆಲಸ ಮಾಡಿದರು. ಇದನ್ನು ಯಾಕೆ ಹೇಳಿದೆ ಎಂದರೆ, ಆ ಚೌಕಟ್ಟಿನ ಒಳಗೂ ಜನರ ಕಡೆ ನಿಂತವರು ಇದ್ದರು.

ಢಾಕಾದಿಂದ ಬಂದವ

ನಾನು ಗಾರ್ಮೆಂಟ್ಸ್ ಕೆಲಸದ ಮೇಲೆ ಆರು ವರ್ಷ ಢಾಕಾದಲ್ಲಿದ್ದೆ. ಮೇಷ್ಟ್ರ ಕ್ಲಾಸಿನ ಹುಡುಗಿಯ ಪ್ರಶ್ನೆ ಬಾಂಗ್ಲಾದೇಶದಲ್ಲಿ ಎರಡು ಮೂರು ತಲೆಮಾರಿನ ಪ್ರಶ್ನೆ.

ಆ ದೇಶ ಹುಟ್ಟುವುದಕ್ಕೆ ಭಾಷೆಯ ಜಗಳವೇ ಬೀಜ. ಆಗ ಅದು ಪಾಕಿಸ್ತಾನದ ಪೂರ್ವ ಭಾಗ. 1948ರ ಮಾರ್ಚ್‌ನಲ್ಲಿ ಜಿನ್ನಾ ಢಾಕಾಕ್ಕೆ ಬಂದು, ಪಾಕಿಸ್ತಾನಕ್ಕೆ ಉರ್ದು ಒಂದೇ ರಾಷ್ಟ್ರಭಾಷೆ ಎಂದರು. ದೇಶದಲ್ಲಿ ಬಂಗಾಳಿ ಆಡುವವರೇ ಜಾಸ್ತಿ ಇದ್ದರು. 1952ರ ಫೆಬ್ರವರಿ 21ರಂದು ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. 1956ರ ಸಂವಿಧಾನದಲ್ಲಿ ಬಂಗಾಳಿಗೂ ಜಾಗ ಸಿಕ್ಕಿತು. ಅಷ್ಟೊತ್ತಿಗೆ ಮನಸ್ಸು ಒಡೆದಾಗಿತ್ತು. ಇವತ್ತು ನಾವೆಲ್ಲ ಆಚರಿಸುವ ವಿಶ್ವ ತಾಯ್ನುಡಿ ದಿನ ಆ ಫೆಬ್ರವರಿ 21ರ ನೆನಪೇ.

ಇಷ್ಟು ಕಷ್ಟಪಟ್ಟು 1971ರಲ್ಲಿ ದೇಶ ಆಯಿತು. ಆಮೇಲಿನ ಕಥೆ ಕೇಳಿ. ಸ್ವಾತಂತ್ರ್ಯ ಘೋಷಿಸಿದ್ದು ಯಾರು? ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ದಾಳಿ ಮಾಡಿತು. ಬಂಧನಕ್ಕೆ ಸ್ವಲ್ಪ ಮುಂಚೆ ಶೇಖ್ ಮುಜೀಬ್ ಘೋಷಿಸಿದರು ಎಂದು ಅವರ ಪಕ್ಷ ಅವಾಮಿ ಲೀಗ್ ಹೇಳುತ್ತದೆ. ಚಿತ್ತಗಾಂಗ್ ಹತ್ತಿರದ ಕಾಲುರ್ಘಾಟ್ ರೇಡಿಯೊದಿಂದ ಮೇಜರ್ ಜಿಯಾವುರ್ ರೆಹಮಾನ್ ಘೋಷಣೆ ಓದಿದರು. ಅವರೇ ಘೋಷಿಸಿದವರು ಎಂದು ಆಮೇಲೆ ಅವರು ಕಟ್ಟಿದ ಪಕ್ಷ ಬಿಎನ್‌ಪಿ ಹೇಳುತ್ತದೆ. ಸರ್ಕಾರ ಬದಲಾದಂತೆ ಪಾಠದಲ್ಲಿ ಆ ಒಂದು ಸಾಲು ಬದಲಾಗುತ್ತಾ ಬಂತು. 2009ರಲ್ಲಿ ಹೈಕೋರ್ಟ್ ಮುಜೀಬ್ ಎಂದು ತೀರ್ಪು ಕೊಟ್ಟಿತು. 2024ರ ಆಗಸ್ಟ್‌ನಲ್ಲಿ ಮುಜೀಬರ ಮಗಳು, ಪ್ರಧಾನಿ ಹಸೀನಾ ದೇಶ ಬಿಟ್ಟರು. 2025ರ ಪುಸ್ತಕದಲ್ಲಿ ಮತ್ತೆ ಜಿಯಾ ಬಂದರು.

ನಾನಿದ್ದಾಗ ಅಲ್ಲಿ ಜನವರಿ 1 ಪುಸ್ತಕದ ಹಬ್ಬ. ಪುಕ್ಕಟೆ ಪುಸ್ತಕ ಹಂಚುತ್ತಿದ್ದರು. ಮಕ್ಕಳು ಎರಡೂ ಕೈಯಲ್ಲಿ ಪುಸ್ತಕ ಎತ್ತಿ ಹಿಡಿದು ಕುಣಿಯುವುದನ್ನು ನೋಡಿದರೆ ಕಣ್ಣು ತುಂಬುತ್ತಿತ್ತು. ಹಸೀನಾ ಕಾಲದಲ್ಲಿ ಹಿಂಬದಿಯ ರಟ್ಟಿನ ಮೇಲೆ ಅವರ ಚಿತ್ರ, ಮಾತು ಇರುತ್ತಿತ್ತು. 2025ರಲ್ಲಿ ಅಲ್ಲಿ ವಿದ್ಯಾರ್ಥಿಗಳ ಚಳವಳಿಯ ಗೋಡೆಬರಹ ಬಂತು.

ನಮ್ಮ ಫ್ಯಾಕ್ಟರಿಯಲ್ಲಿ ಒಬ್ಬ ಲೈನ್ ಸೂಪರ್‌ವೈಸರ್ ಇದ್ದರು. ಅವರಪ್ಪ 71ರಲ್ಲಿ ಹೋರಾಡಿದವರು. "ನಾನು ಒಂದು ಹೆಸರು ಬರೆದು ಪಾಸಾದೆ, ನನ್ನ ತಮ್ಮ ಇನ್ನೊಂದು ಹೆಸರು ಬರೆದು ಪಾಸಾದ. ಅಪ್ಪನನ್ನು ಯಾರೂ ಕೇಳಲಿಲ್ಲ" ಎಂದಿದ್ದರು. ನನಗೆ ಅದೇ ದೊಡ್ಡ ನೋವು ಅನ್ನಿಸಿತು. ಎರಡೂ ಹೆಸರನ್ನು ಇಟ್ಟು, ಆ ಮೂರು ದಿನ ಏನೇನಾಯಿತು ಎಂದು ಮಕ್ಕಳಿಗೆ ತೋರಿಸಬಹುದಿತ್ತು, ಅಲ್ವಾ?

ಶರಾವತಿ ಮಗಳು

ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. "ಅಪ್ಪನನ್ನು ಯಾರೂ ಕೇಳಲಿಲ್ಲ." ನಮ್ಮ ಅಜ್ಜಿ ಲಿಂಗನಮಕ್ಕಿಯಲ್ಲಿ ಮುಳುಗಿದ ಊರಿನವರು. ನಾನು ಶಾಲೆಯಲ್ಲಿ ಓದಿದ ಪಾಠದಲ್ಲಿ ಅಣೆಕಟ್ಟು, ವಿದ್ಯುತ್, ಬೆಳಕು ಎಲ್ಲ ಇತ್ತು. ಅಜ್ಜಿಯ ಊರಿರಲಿಲ್ಲ. ಪಾಠದಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಅಜ್ಜಿಗೆ ಅದನ್ನು ಓದಿ ಹೇಳುವುದಕ್ಕೆ ನನಗೆ ನಾಚಿಕೆ ಆಗಿತ್ತು.

ಜೋಹಾನ್ಸ್‌ಬರ್ಗ್ ಅಕ್ಕ

ಮೇಷ್ಟ್ರಿಗೆ ನಮಸ್ಕಾರ. ನಾನು ಹಾಸನದ ಕಡೆಯವಳು, ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಪಾಠಕ್ಕಾಗಿ ಮಕ್ಕಳು ಜೀವ ಕೊಟ್ಟ ಊರು ಇದು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

1953ರಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ, ಕಪ್ಪು ಮಕ್ಕಳ ಓದಿಗೆಂದೇ ಬಾಂಟು ಶಿಕ್ಷಣ ಕಾಯ್ದೆ ತಂದಿತು. ಅದರ ಹಿಂದೆ ಇದ್ದ ಮಂತ್ರಿ ವೆರ್‌ವೂರ್ಡ್. ಕಪ್ಪು ಜನಕ್ಕೆ ಬಿಳಿಯರ ಸಮಾಜದಲ್ಲಿ ಕೆಲವು ಬಗೆಯ ಕೂಲಿ ಕೆಲಸ ಬಿಟ್ಟು ಜಾಗವಿಲ್ಲ, ಹಾಗಾಗಿ ಅವರಿಗೆ ಅದಕ್ಕೆ ತಕ್ಕ ಓದು ಸಾಕು ಎಂಬುದು ಆತನ ವಾದ. ಗುಟ್ಟಾಗಿ ಹೇಳಿದ್ದಲ್ಲ, ಸಂಸತ್ತಿನಲ್ಲೇ ಹೇಳಿದ್ದು. 1975-76ರಲ್ಲಿ ಒಂದು ಬಿಳಿ ಮಗುವಿನ ಓದಿಗೆ ಸರ್ಕಾರ ವರ್ಷಕ್ಕೆ 644 ರಾಂಡ್ ಖರ್ಚು ಮಾಡುತ್ತಿತ್ತು. ಕಪ್ಪು ಮಗುವಿಗೆ 42.

ಇಷ್ಟಾದರೂ ಜನ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು. ಬೇರೆ ದಾರಿ ಏನಿತ್ತು? ಆಮೇಲೆ 1974ರಲ್ಲಿ ಇನ್ನೊಂದು ಆದೇಶ ಬಂತು. ಅರ್ಧದಷ್ಟು ವಿಷಯವನ್ನು ಆಳುವ ಬಿಳಿಯರ ಮಾತಾದ ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಸಬೇಕು. ಲೆಕ್ಕ, ಸಮಾಜ ಪಾಠ ಅದರಲ್ಲಿ. ಮನೆಗಳಲ್ಲಿ ಜುಲು, ಸೊಥೊ, ಕೋಸಾ. ಕಲಿಸುವ ಮೇಷ್ಟ್ರುಗಳಿಗೇ ಆಫ್ರಿಕಾನ್ಸ್ ಸರಿಯಾಗಿ ಬರುತ್ತಿರಲಿಲ್ಲ. ಭಾಷೆ ಬರದ ಮೇಷ್ಟ್ರು, ಭಾಷೆ ಬರದ ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕು. ಅದೂ ಪೊಲೀಸರು ಬೈಯುವ ಭಾಷೆಯಲ್ಲಿ.

ಹೆತ್ತವರು ಮನವಿ ಕೊಟ್ಟರು. ಶಾಲಾ ಮಂಡಳಿಯವರು ಒಪ್ಪಲಿಲ್ಲ ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1976ರ ಮೇ ತಿಂಗಳಲ್ಲೇ, ಇಲ್ಲಿನ ಕಪ್ಪು ಜನರ ಬಡಾವಣೆಯಾದ ಸೊವೆಟೊದ ಶಾಲೆಗಳಲ್ಲಿ ಮಕ್ಕಳು ತರಗತಿ ಬಿಟ್ಟು ಹೊರಗೆ ಕೂತರು. ಜೂನ್ 16ರ ಬೆಳಿಗ್ಗೆ ಸಾವಿರಾರು ಮಕ್ಕಳು ಸಮವಸ್ತ್ರದಲ್ಲೇ ಮೆರವಣಿಗೆ ಹೊರಟರು. ಪೊಲೀಸರು ಗುಂಡು ಹಾರಿಸಿದರು. ಗುಂಡು ತಗುಲಿ ಸತ್ತ ಹೆಕ್ಟರ್ ಪೀಟರ್‌ಸನ್‌ಗೆ ಆಗ 12 ವರ್ಷ. ಅವನನ್ನು ಒಬ್ಬ ಹುಡುಗ ಎತ್ತಿಕೊಂಡು ಓಡುತ್ತಿರುವ, ಪಕ್ಕದಲ್ಲಿ ಅವನ ಅಕ್ಕ ಅಳುತ್ತಾ ಓಡುತ್ತಿರುವ ಫೋಟೋ ನೀವೂ ನೋಡಿರಬಹುದು. ಸ್ಯಾಮ್ ನ್ಜಿಮಾ ತೆಗೆದದ್ದು. ಆ ಗಲಭೆಯಲ್ಲಿ ಸತ್ತವರು 176 ಎಂದು ಸರ್ಕಾರ ಹೇಳಿತು. ಜನ ಅದಕ್ಕಿಂತ ತುಂಬಾ ಜಾಸ್ತಿ ಎನ್ನುತ್ತಾರೆ. ಅಲ್ಲೀಗ ಅವನ ಹೆಸರಿನ ವಸ್ತುಸಂಗ್ರಹಾಲಯ ಇದೆ. ನನ್ನ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೂ ಆಗ 12. ಇಡೀ ದಿನ ಮಾತಾಡಲಿಲ್ಲ.

ಭಾಷೆಯ ಆದೇಶವನ್ನು ಸರ್ಕಾರ ವಾಪಸ್ ತೆಗೆದುಕೊಂಡಿತು. ಆದರೆ ಅಲ್ಲಿಂದ ಮುಂದೆ ಆ ಸರ್ಕಾರವನ್ನು ಇಲ್ಲಿನ ಮಕ್ಕಳು ಸರ್ಕಾರ ಎಂದೇ ಒಪ್ಪಲಿಲ್ಲ.

ಈಗ ಇನ್ನೊಂದು ಭಾಗ. 1994ರಲ್ಲಿ ಬಿಡುಗಡೆ ಆಯಿತು. ಹೊಸ ಸರ್ಕಾರ ಮನಸ್ಸಿಟ್ಟು ಹೊಸ ಪಠ್ಯಕ್ರಮ ಮಾಡಿತು. 'ಕರಿಕ್ಯುಲಂ 2005' ಎಂದು ಹೆಸರು. 1998ರಿಂದ ಜಾರಿ. ಹಳೆಯ ಗಿಳಿಪಾಠ ಬೇಡ, ಮಗು ಸ್ವತಃ ಯೋಚಿಸಬೇಕು ಎಂಬ ಆಸೆ. ಎಷ್ಟು ಒಳ್ಳೆಯ ಆಸೆ! ಆದರೆ ಅದರ ಭಾಷೆ ಮೇಷ್ಟ್ರುಗಳಿಗೇ ಅರ್ಥವಾಗಲಿಲ್ಲ. ತರಬೇತಿ ಸಾಲಲಿಲ್ಲ. ಪುಸ್ತಕ ಕಮ್ಮಿ ಮಾಡಿ, ಪಾಠದ ಸಾಮಗ್ರಿ ನೀವೇ ಮಾಡಿಕೊಳ್ಳಿ ಎಂದರು. ಗ್ರಂಥಾಲಯ ಇದ್ದ ಶಾಲೆಗಳು ಹೇಗೋ ದಾಟಿದವು. ಕರೆಂಟೇ ಇಲ್ಲದ ಶಾಲೆಗಳು ಮುಳುಗಿದವು. 2000ರಲ್ಲಿ ಪರಿಶೀಲನಾ ಸಮಿತಿ ಕೂತಿತು, ತಿದ್ದಿದರು, ಕೊನೆಗೆ 2012ರಿಂದ ಬೇರೆಯದೇ ಪಠ್ಯಕ್ರಮ ತಂದರು.

ಜನ ಬಿಳಿಯರ ಸರ್ಕಾರವನ್ನು ದ್ವೇಷಿಸಿದ ಹಾಗೆ ಇದನ್ನು ದ್ವೇಷಿಸಲಿಲ್ಲ. ಇದು ನಮ್ಮವರ ತಪ್ಪು ಎಂದುಕೊಂಡರು. ಆದರೆ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಹೇಳಿದ್ದು ಮರೆಯಲಾರೆ. "ನನ್ನ ಮಗ ಒಂಬತ್ತನೇ ಕ್ಲಾಸು. ಕಾಗದ ಓದಲು ಬರಲ್ಲ. ಯಾರನ್ನು ಕೇಳಲಿ?"

ಇಬ್ಬರು ಮಕ್ಕಳ ತಾಯಿ

ಅಕ್ಕಾ, ಕೊನೆಯ ಸಾಲಿನ ಬಗ್ಗೆ ನಾನೂ ಒಂದು ಮಾತು ಹೇಳಬೇಕು. ಇಲ್ಲಿ ಎಲ್ಲರೂ ಯಾರ ಪಾಠ ಇರಬೇಕು ಎಂದು ಮಾತಾಡುತ್ತಿದ್ದೀರಿ. ನನ್ನಂಥವರ ಚಿಂತೆ ಬೇರೆ.

ನನ್ನ ಇಬ್ಬರು ಮಕ್ಕಳೂ ಇಂಗ್ಲಿಷ್ ಮೀಡಿಯಂ. ಕನ್ನಡದ ಮೇಲೆ ಪ್ರೀತಿ ಇಲ್ಲದೆ ಅಲ್ಲ. 1994ರ ಆದೇಶದಲ್ಲಿ ಸರ್ಕಾರ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಎಂದಿತು. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಓಡಾಡಿ 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮಗುವಿನ ಮಾತೃಭಾಷೆ ಯಾವುದು ಎಂದು ತೀರ್ಮಾನಿಸುವುದು ಹೆತ್ತವರು ಎಂದಿತು. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು.

ಹಾಗಾದರೆ ನಾವು ಯಾವುದನ್ನು ನಂಬಬೇಕು? ವೇದಿಕೆಯ ಮೇಲೆ ಕನ್ನಡ. ಕೆಲಸದ ಸಂದರ್ಶನದಲ್ಲಿ ಇಂಗ್ಲಿಷ್. ಭಾಷಣ ಮಾಡುವವರ ಮಕ್ಕಳು ಎಲ್ಲಿ ಓದುತ್ತಾರೆ ಎಂದು ಊರಿಗೆಲ್ಲ ಗೊತ್ತು. ತಾನ್ಜಾನಿಯಾದಲ್ಲೂ ಹೀಗೇ ಎಂದು ಓದಿದ್ದೆ. ಪ್ರಾಥಮಿಕ ಶಾಲೆ ಏಳು ವರ್ಷ ಸ್ವಾಹಿಲಿಯಲ್ಲಿ, ಆಮೇಲೆ ಇದ್ದಕ್ಕಿದ್ದಂತೆ ಇಂಗ್ಲಿಷ್. ಮಕ್ಕಳು ಅಲ್ಲೇ ಎಡವುತ್ತಾರೆ. ಸರ್ಕಾರ ತಾನು ಹೇಳಿದ್ದನ್ನು ತಾನೇ ನಂಬುತ್ತದೆ ಅನ್ನಿಸಿದರೆ ನಾನೂ ನಂಬುತ್ತೇನೆ. ಇದು ಸಿಟ್ಟಿನಿಂದ ಹೇಳುವ ಮಾತಲ್ಲ, ಸಂಕಟದಿಂದ ಹೇಳುವ ಮಾತು.

ಕಾಸರಗೋಡಿನವ

ಮಾಷ್ಟ್ರೇ, ನಮ್ಮ ಕಥೆ ಇನ್ನೂ ಬೇರೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಹೋದೆವು. ಊರು ಅಲ್ಲೇ ಇತ್ತು, ರಾಜ್ಯ ಬದಲಾಯಿತು. ನಾನು ಓದಿದ್ದು ಕನ್ನಡ ಮಾಧ್ಯಮ. ಸಮಾಜ ಪಾಠದ ಪುಸ್ತಕ ಕೇರಳದ್ದು, ಕನ್ನಡಕ್ಕೆ ಅನುವಾದ ಮಾಡಿದ್ದು. ಅದರ ಕನ್ನಡ ನಮ್ಮ ಮನೆಯ ಕನ್ನಡದ ಹಾಗೆ ಇರಲಿಲ್ಲ. ಆದರೂ ಓದಿದೆವು.

ಒಂದು ವರ್ಷ ಲೆಕ್ಕ ಹೇಳಿಕೊಡಲು ಬಂದ ಮಾಷ್ಟ್ರಿಗೆ ಕನ್ನಡವೇ ಬರುತ್ತಿರಲಿಲ್ಲ. ಪಾಪ, ಒಳ್ಳೆಯ ಮನುಷ್ಯ. ಬೋರ್ಡಿನಲ್ಲಿ ಲೆಕ್ಕ ಮಾಡಿ, ನಮ್ಮ ಮುಖ ನೋಡಿ, ಮತ್ತೆ ಅಳಿಸಿ ಮಾಡುತ್ತಿದ್ದರು. ಅಕ್ಕ ಬರೆದ ಸೊವೆಟೊ ಕಥೆ ಓದುವಾಗ ಅವರ ಮುಖವೇ ಕಣ್ಣೆದುರು ಬಂತು. ನಮ್ಮ ಕಷ್ಟವನ್ನು ಅದಕ್ಕೆ ಹೋಲಿಸುವುದು ತಪ್ಪು, ಗೊತ್ತಿದೆ. ನಮಗೆ ಯಾರೂ ಗುಂಡು ಹೊಡೆಯಲಿಲ್ಲ, ವೋಟು ಇತ್ತು, ಕೋರ್ಟು ಇತ್ತು. 2017ರಲ್ಲಿ ಹತ್ತನೇ ತರಗತಿವರೆಗೆ ಮಲಯಾಳ ಕಡ್ಡಾಯ ಎಂಬ ಕಾನೂನು ಬಂದಾಗ ನಾವು ಬೀದಿಗಿಳಿದು ಕೇಳಲು ಸಾಧ್ಯವಾಯಿತು.

ಆದರೆ ಕರ್ನಾಟಕದ ಗೆಳೆಯರಿಗೆ ಒಂದು ವಿನಂತಿ. 2015ರಲ್ಲಿ ನೀವೂ ಕನ್ನಡ ಕಲಿಕೆ ಕಾಯ್ದೆ ತಂದಿರಿ. ಕನ್ನಡ ಕಲಿಯಬೇಕು ಎಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹಾಗೇ ಬೆಳಗಾವಿಯ ಮರಾಠಿ ಮನೆಯ ಮಗು, ಕಲಬುರಗಿಯ ಉರ್ದು ಮನೆಯ ಮಗು ಅದನ್ನು ಹೇಗೆ ಕಾಣುತ್ತದೆ ಎಂದು ಅವರ ಮನೆಯವರನ್ನೂ ಕೇಳಿ. ಕೇಳಿಸಿಕೊಳ್ಳದೆ ಇದ್ದರೆ ಹೇಗಿರುತ್ತದೆ ಎಂದು ನಮಗೆ ಗೊತ್ತು, ಅದಕ್ಕೇ ಹೇಳಿದೆ.

ಹಳೇ ಕಡತ

ಒಂದು ಎಚ್ಚರಿಕೆ ಹೇಳಬೇಕು. ಎರಡೂ ಕಡೆ ಇಟ್ಟುಬಿಟ್ಟರೆ ಎಲ್ಲ ಸರಿಯಾಗುತ್ತೆ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ಎಲ್ಲ ಕಡೆ ಅದು ನಡೆಯಲ್ಲ. ಆಫ್ರಿಕಾದ ರುವಾಂಡಾ ನೋಡಿ. ಅಲ್ಲಿ ಟುಟ್ಸಿ, ಹುಟು ಎಂದು ಎರಡು ಜನಾಂಗ. ಟುಟ್ಸಿಗಳು ಹೊರಗಿನಿಂದ ಬಂದ ಮೇಲಿನ ಜನ, ಹುಟುಗಳು ಕೆಳಗಿನವರು ಎಂದು ಬೆಲ್ಜಿಯಂ ಆಳ್ವಿಕೆಯ ಕಾಲದ ಶಾಲೆ ಕಲಿಸಿತು. 1933ರ ಹೊತ್ತಿಗೆ ಗುರುತಿನ ಚೀಟಿಯಲ್ಲೂ ಬರೆದರು. ಸ್ವಾತಂತ್ರ್ಯ ಬಂದ ಮೇಲೆ ಅದೇ ಪಾಠವನ್ನು ತಿರುಗಿಸಿ ಟುಟ್ಸಿಗಳ ವಿರುದ್ಧ ಬಳಸಿದರು. 1994ರಲ್ಲಿ ಟುಟ್ಸಿಗಳ ಹತ್ಯಾಕಾಂಡವೇ ನಡೆಯಿತು. ಆ ಹತ್ಯಾಕಾಂಡದ ನಂತರ ಅಲ್ಲಿನ ಶಾಲೆಗಳಲ್ಲಿ ಇತಿಹಾಸದ ಪಾಠವನ್ನೇ ವರ್ಷಗಟ್ಟಲೆ ನಿಲ್ಲಿಸಿದರು. ಏನು ಕಲಿಸಬೇಕು ಎಂದು ಯಾರಿಗೂ ಧೈರ್ಯವಾಗಲಿಲ್ಲ.

ಅಂಥ ಹಳೆಯ ಪಾಠವನ್ನು ತೆಗೆಯಲೇಬೇಕು. ಅದಕ್ಕೆ ಸಮಪಾಲು ಕೊಡಲಾಗದು. ಹಾಗಾಗಿ ಪಾಠ ತೆಗೆದದ್ದೇ ತಪ್ಪು ಎಂದು ನಾನು ಹೇಳಲಾರೆ. ಯಾಕೆ ತೆಗೆದಿರಿ, ಯಾರನ್ನು ಕೇಳಿ ತೆಗೆದಿರಿ ಎಂಬುದಕ್ಕೆ ಉತ್ತರ ಬೇಕು ಅಷ್ಟೇ. 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಮಾಡುವ ಎನ್‌ಸಿಇಆರ್‌ಟಿ ಮೊಘಲರ ಅಧ್ಯಾಯ, ಹತ್ತನೇ ತರಗತಿಯ ವಿಕಾಸವಾದ ತೆಗೆದಾಗ ಮಕ್ಕಳ ಹೊರೆ ಕಮ್ಮಿ ಮಾಡಲು ಎಂದರು. ಆ ಉತ್ತರ ತುಂಬಾ ಜನಕ್ಕೆ ಸಾಲಲಿಲ್ಲ. ರಾಜ್ಯಶಾಸ್ತ್ರದ ಪುಸ್ತಕಗಳಿಗೆ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್, ಸುಹಾಸ್ ಪಳಶೀಕರ್ ತಮ್ಮ ಹೆಸರನ್ನೇ ತೆಗೆಯಿರಿ ಎಂದು ಬರೆದರು.

ಕನ್ನಡ ಮೇಷ್ಟ್ರು

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ. ಸುಮ್ಮನೆ ಕೂತಿರಲಿಲ್ಲ.

ಮನೆಯ ಅಟ್ಟದಿಂದ ಹತ್ತನೇ ತರಗತಿಯ ಹಳೆಯ ಕನ್ನಡ ಪುಸ್ತಕಗಳನ್ನು ಇಳಿಸಿದೆ. ಮೂರು ಕಾಲದ ಪುಸ್ತಕ ಸಿಕ್ಕವು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಇಷ್ಟವಿದ್ದವರು ಇರಿ ಎಂದೆ. ಇಪ್ಪತ್ತಮೂರು ಮಕ್ಕಳು ಉಳಿದರು. ಪುಸ್ತಕಗಳನ್ನು ನೆಲದ ಮೇಲೆ ಇಟ್ಟು, ಯಾವ ಪಾಠ ಬಂತು, ಯಾವುದು ಹೋಯಿತು, ಯಾವುದು ಎಲ್ಲದರಲ್ಲೂ ಉಳಿಯಿತು, ಪಟ್ಟಿ ಮಾಡಿ ಎಂದೆ. ನನ್ನ ಅಭಿಪ್ರಾಯ ಹೇಳಲಿಲ್ಲ. ಜಗಳ ಆಗಬಹುದು ಎಂದು ಹೆದರಿದ್ದೆ. ಸ್ವಲ್ಪ ಆಯಿತು ಕೂಡ. ಆಮೇಲೆ ಅವರೇ ತಣ್ಣಗಾದರು.

ಒಬ್ಬ ಹುಡುಗ ಪುಸ್ತಕದ ಮೊದಲ ಪುಟಗಳನ್ನು ತಿರುವಿದ. ಪಠ್ಯಪುಸ್ತಕ ಸಮಿತಿಯವರ ಹೆಸರಿರುವ ಪುಟ. ಇಷ್ಟು ವರ್ಷದಲ್ಲಿ ಆ ಪುಟವನ್ನು ನಾನು ಒಮ್ಮೆಯೂ ಕ್ಲಾಸಿನಲ್ಲಿ ಓದಿಸಿಲ್ಲ. "ಸರ್, ಇವರೆಲ್ಲ ಯಾರು? ಇದರಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದಾರಾ?" ಎಂದ. ಎಲ್ಲರೂ ಬಗ್ಗಿ ಹೆಸರು, ಊರು ಹುಡುಕಿದರು. ಅರ್ಧ ಗಂಟೆ ಹೋಯಿತು. ಪಾಠದ ಬಗ್ಗೆ ಇಲ್ಲದ ಆಸಕ್ತಿ ಆ ಪುಟದ ಮೇಲೆ ಬಂತು.

ಕೊನೆಗೆ ಅವರೇ ಪಠ್ಯಪುಸ್ತಕ ಸಂಘಕ್ಕೆ ಒಂದು ಕಾಗದ ಬರೆದರು. ನಾನು ಕಾಗುಣಿತ ಮಾತ್ರ ತಿದ್ದಿದೆ. ಒಂದು ಪಾಠ ತೆಗೆದರೆ ಅಥವಾ ಸೇರಿಸಿದರೆ ಅದಕ್ಕೆ ಕಾರಣವನ್ನು ಆ ಪುಸ್ತಕದಲ್ಲೇ ಒಂದು ಪುಟ ಬರೆಯಿರಿ, ನಾವು ಓದುತ್ತೇವೆ ಎಂದಿದ್ದಾರೆ. ಜೊತೆಗೆ, ಸಮಿತಿ ಮುಂದಿನ ಸಲ ಕೂರುವ ಮುಂಚೆ ಶಾಲೆಗಳಿಗೆ ಬಂದು ನಮ್ಮನ್ನೂ ನಮ್ಮ ಅಜ್ಜಿಯರನ್ನೂ ಕೇಳಿ ಎಂದು ಒಬ್ಬಳು ಸೇರಿಸಿದಳು. ಶರಾವತಿ ಮಗಳೇ, ನಿಮ್ಮ ಅಜ್ಜಿಯ ವಿಷಯ ನಾನು ಕ್ಲಾಸಿನಲ್ಲಿ ಹೇಳಿದ್ದೆ. ತಪ್ಪು ತಿಳಿಯಬೇಡಿ.

2023ರಲ್ಲಿ ಪ್ರಶ್ನೆ ಕೇಳಿದ ಹುಡುಗಿ ಪಿಯುಸಿ ಮುಗಿಸಿ ಈಗ ತಾಲ್ಲೂಕಿನ ಕಾಲೇಜಿನಲ್ಲಿ ಬಿಎ ಓದುತ್ತಿದ್ದಾಳೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಅವತ್ತು ನಿನಗೆ ಸರಿಯಾದ ಉತ್ತರ ಕೊಡಲಿಲ್ಲ ಎಂದೆ. ಅವಳಿಗೆ ಪ್ರಶ್ನೆ ನೆನಪಿತ್ತು. ಮಕ್ಕಳ ಕಾಗದದ ನಕಲು ನನ್ನ ಚೀಲದಲ್ಲಿತ್ತು, ಕೊಟ್ಟೆ. ಬಸ್ಸು ಬರುವವರೆಗೂ ನಿಂತೇ ಓದಿದಳು. "ನಾನೂ ಸಹಿ ಹಾಕಬಹುದಾ ಸರ್?" ಎಂದಳು.

ಕಾಗದವನ್ನು ಸೋಮವಾರ ರಿಜಿಸ್ಟರ್ಡ್ ಪೋಸ್ಟಿಗೆ ಹಾಕಿದ್ದೇವೆ. ಉತ್ತರ ಬಂದ ದಿನ ಇಲ್ಲೇ ಹಾಕುತ್ತೇನೆ.